ಪಾವಕ್ಕಾಯ್ ಸಾರು

ಅಪ್ಪಯ್ಯನ ಸಕ್ಕರೆ ಕಾಯಿಲೆಗೆ ಬೆಲ್ಲ ಹಾಕಿದ ಔಷಧಿ ಕುಡಿಸಿದವನು ನಾನು. ಕೈಯಾರೆ ಅಲ್ಲ, ಬಾಯಾರೆ. ಅಷ್ಟನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಹೇಳುವಾಗ ಯಾರದೋ ದನಿಯ ಹಿಂದೆ ಅಡಗಿಕೊಳ್ಳುವ ಬುದ್ಧಿ ನನ್ನದು.

ಎಪ್ಪತ್ತರ ದಶಕದ ಕೊನೆ. ಕೋಡಂಬಾಕ್ಕಂನಲ್ಲಿ ಬಾಡಿಗೆ ಮನೆ. ಅಪ್ಪಯ್ಯ ಎಗ್ಮೋರಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಅಮ್ಮ ತನ್ನ ಉಡುಪಿ ಕಡೆಯ ಕನ್ನಡವನ್ನು ಉಪ್ಪಿನಕಾಯಿ ಭರಣಿಯ ಹಾಗೆ ಬಟ್ಟೆ ಕಟ್ಟಿ ಕಾಪಾಡಿಕೊಂಡಿದ್ದಳು. ತರಕಾರಿಯವಳ ಜತೆ ಚೌಕಾಸಿಗೆ ಬೇಕಾದಷ್ಟೇ ತಮಿಳು ಅವಳಿಗೆ. ನಾನು ಹತ್ತೊಂಬತ್ತರ ಕಾಲೇಜು ಹುಡುಗ, ದನಿಗಳ್ಳ. ಮನೆ ಮಾಲೀಕರ ಕೆಮ್ಮು, ಬಸ್ ಕಂಡಕ್ಟರನ ಮೂಗುದನಿ, ಅಪ್ಪಯ್ಯನ ಆಕಳಿಕೆ ಎಲ್ಲವೂ ನನ್ನ ಬಾಯಲ್ಲಿದ್ದವು. ಸೀಳಿದ ಕೊಳಲಿನಂಥ ನನ್ನ ಸ್ವಂತ ದನಿಯನ್ನೂ ಬಿಡುತ್ತಿರಲಿಲ್ಲ.

ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಯಾರೋ ಹೇಳಿದರೆಂದು ಒಬ್ಬ ಸಿದ್ಧ ವೈದ್ಯರ ಬಳಿ ಹೋದೆವು. ಅವರು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು, ಗಲ್ಲ ಆಕಾಶಕ್ಕೆತ್ತಿ ತಮಿಳಿನಲ್ಲಿ ಮಾತಾಡಿದರು. ಸಂಜೆ ಹೊತ್ತು ನಡೆಯಿರಿ, ಮೆಂತ್ಯ ನೆನೆಸಿ ತಿನ್ನಿ, ಬೆಳಿಗ್ಗೆ ಬರೀ ಹೊಟ್ಟೆಗೆ ಒಂದು ಲೋಟ ‘ಪಾವಕ್ಕಾಯ್ ಸಾರು’ ಕುಡಿಯಿರಿ ಎಂದರು. ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದೂ ಹೇಳಿದರು. ಅಪ್ಪಯ್ಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕಿಟಕಿಯಾಚೆ ನೋಡುತ್ತಿದ್ದರು.

ಮನೆಗೆ ಬಂದವನೇ ಅಮ್ಮನೆದುರು ವೈದ್ಯರಾದೆ. ಗಲ್ಲ ಎತ್ತಿ, ಇಲ್ಲದ ಎಲೆಯಡಿಕೆ ಜಗಿದು, ‘ಪಾವಕ್ಕಾಯ್ ಸಾರು’ ಎಂದು ಮೂರು ಸಲ ಹೇಳಿದೆ. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಮಾತ್ರೆಯ ಮಾತಿನಲ್ಲಿ ನಗು ಬರುವಂಥದ್ದೇನೂ ಇರಲಿಲ್ಲ, ಅದನ್ನು ಬಿಟ್ಟೆ.

"ಇಷ್ಟೇಯಾ? ಇದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಮಾರಾಯ?" ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಲೋಟದಲ್ಲಿ ಹಬೆಯಾಡಿತು ಹಾಗಲಕಾಯಿ ಸಾರು. ಬೇಳೆಕಟ್ಟು, ಹುಣಸೆಹುಳಿ, ಇಂಗಿನ ಒಗ್ಗರಣೆ, ಮತ್ತೆ ನಮ್ಮ ಕಡೆಯವರು ಎಂದೂ ಮರೆಯದ ಬೆಲ್ಲದ ಉಂಡೆ. ರುಚಿ ನೋಡಿದ ಮೊದಲ ಗುಟುಕಿಗೇ ನನಗೆ ಹೊಳೆಯಿತು. ತಮಿಳಿನ ಸಾರು ನಮ್ಮ ರಸ. ತಮಿಳಿನ ರಸಂ ನಮ್ಮ ಸಾರು. ವೈದ್ಯರು ಹೇಳಿದ್ದು ಹಸಿ ಹಾಗಲಕಾಯಿ ಹಿಂಡಿದ ಕಹಿ ರಸ.

ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ, ಆದರೆ ಸಿನಿಮಾ ಸ್ಟುಡಿಯೋ ಎದುರಿನ ಚಹಾದಂಗಡಿಯಲ್ಲಿ, ಗೆಳೆಯರ ಮುಂದೆ. ಅಲ್ಲಿ ವೈದ್ಯರೂ ನಾನೇ, ಅಮ್ಮನೂ ನಾನೇ, ಎರಡನೇ ಲೋಟಕ್ಕೆ ಕೈ ಚಾಚುವ ಅಪ್ಪಯ್ಯನೂ ನಾನೇ. ಗೆಳೆಯರು ಮತ್ತೆ ಮತ್ತೆ ಕೇಳಿ ಹೇಳಿಸಿದರು. ಮನೆಯಲ್ಲಿ ತಿದ್ದಿದರೆ ಇಲ್ಲಿ ತಮಾಷೆ ಮುಗಿದುಹೋಗುತ್ತಿತ್ತು. ಹೇಗೂ ಹಾಗಲಕಾಯಿ ಒಳಗೆ ಹೋಗುತ್ತಿದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಅಮ್ಮ ಪಕ್ಕದ ಮನೆಗಳಿಗೂ ಸಾರು ಹಂಚಿದಳು. ರಕ್ತ ಶುದ್ಧಿಯಾಗುತ್ತದೆ, ನಿದ್ದೆ ಬರುತ್ತದೆ, ಮಂಡಿನೋವು ಓಡುತ್ತದೆ ಎಂದು ದಿನಕ್ಕೊಂದು ಗುಣ ಸೇರಿಸಿದಳು. ಅಪ್ಪಯ್ಯನ ಮಾತ್ರೆಯ ಸೀಸೆ ಅಟ್ಟಕ್ಕೆ ಹೋಯಿತು.

ಎರಡೂವರೆ ತಿಂಗಳ ಹೊತ್ತಿಗೆ, ಸಂಜೆಯ ನಡಿಗೆಗೆಂದು ಕೊಂಡ ಹೊಸ ಚಪ್ಪಲಿ ಅಪ್ಪಯ್ಯನ ಕಾಲನ್ನು ಕಚ್ಚಿತು. ಗಾಯ ಒಣಗಲಿಲ್ಲ. ಬೆರಳು ಕಪ್ಪಾಯಿತು. ಆಸ್ಪತ್ರೆಯಲ್ಲಿ ಅದನ್ನು ತೆಗೆದರು.

ಊಟಕ್ಕೇನು ಕೊಡುತ್ತೀರಿ ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದಾಗ ಅಮ್ಮ ಹೆಮ್ಮೆಯಿಂದ ಪಾವಕ್ಕಾಯ್ ಸಾರು ಎಂದಳು. ಅವರು ತಲೆದೂಗಿದರು. ಅಮ್ಮ ತನ್ನ ತರಕಾರಿ ತಮಿಳಿನಲ್ಲಿ ಮಾಡುವ ವಿಧಾನ ಹೇಳುತ್ತ ಹೋದಳು. ಬೆಲ್ಲಕ್ಕೆ ಬಂದಾಗ ಅವರ ಪೆನ್ನು ನಿಂತಿತು. ಸಾರಿಗೆ ಬೆಲ್ಲವೇ ಎಂದರು.

"ಬೆಲ್ಲ ಇಲ್ಲದೆ ಎಂಥ ಸಾರು ಡಾಕ್ಟ್ರೇ?" ಅಮ್ಮನ ಬಾಯಿಗೆ ಕನ್ನಡವೇ ಬಂದುಬಿಟ್ಟಿತು.

ಅವರು ನನ್ನ ಕಡೆ ನೋಡಿದರು. ಎರಡು ಭಾಷೆಯ ನಡುವೆ ನಿಂತು, ಎರಡೂವರೆ ತಿಂಗಳು ತಡವಾಗಿ, ನನ್ನ ಸೀಳು ದನಿಯಲ್ಲೇ ಇಬ್ಬರಿಗೂ ‘ಸಾರು’ ಪದದ ಅನುವಾದ ಮಾಡಿದೆ. ಅಮ್ಮ ತನ್ನ ಎರಡೂ ಅಂಗೈ ನೋಡಿಕೊಂಡಳು. ತಾನೇ ಬೆಲ್ಲ ಕಲಸಿ ಕೊಟ್ಟೆ ಎಂದು ಅಂದಿನಿಂದ ಎಲ್ಲರಿಗೂ ಹೇಳತೊಡಗಿದಳು, ಕಸ ಗುಡಿಸುವವಳಿಗೂ. ನನಗೆ ಮೊದಲ ದಿನವೇ ಗೊತ್ತಿತ್ತೆಂಬುದು ಅವಳಿಗೆ ಗೊತ್ತಿರಲಿಲ್ಲ.

ನಾಲ್ಕನೇ ದಿನ ಅವಳು ನೀರು ತರಲು ಹೋದಾಗ ಅಪ್ಪಯ್ಯನ ಮಂಚದ ಪಕ್ಕ ಕೂತೆ. ತಪ್ಪು ಅಮ್ಮನದಲ್ಲ ಎಂದು ಹೇಳಬೇಕಿತ್ತು. ನಾಚಿಕೆಗೇಡು, ಗಲ್ಲ ತಾನಾಗಿ ಮೇಲೆದ್ದಿತು. ವೈದ್ಯರ ದನಿಯಲ್ಲೇ ಶುರು ಮಾಡಿದೆ. ಅಪ್ಪಯ್ಯ ನಗಲಿಲ್ಲ. ಆಮೇಲೆ ದನಿ ಬಿಟ್ಟು ಎಲ್ಲ ಹೇಳಿದೆ, ಚಹಾದಂಗಡಿಯನ್ನೂ ಸೇರಿಸಿ.

ಅವರು ಬ್ಯಾಂಡೇಜು ಸುತ್ತಿದ ಕಾಲನ್ನೇ ನೋಡುತ್ತಿದ್ದರು.

"ಈ ಊರಲ್ಲಿ ಇಪ್ಪತ್ತೈದು ವರ್ಷ ಕಳೆದವನಿಗೆ ಸಾರು ಅಂದ್ರೆ ಎಂತ ಅಂತ ಗೊತ್ತಿಲ್ವಾ ಮಾರಾಯ? ರುಚಿ ಇತ್ತು, ಕುಡಿದೆ. ನಿಂಗೂ ಗೊತ್ತುಂಟು ಅಂತ ಗೊತ್ತಿತ್ತು. ನೀನು ಒಂದು ಮಾತು ಹೇಳಿದ ದಿನ ಬಿಡುವ ಅಂತ ಕಾಯ್ತಾ ಇದ್ದೆ."