ನೀರುಮನೆಯ ಜೆಮಿಮಾ

ಜೆಮಿಮಾ ಸಕಾನಿ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ಅಂಕ ತೆಗೆದಳು. ಅದೇ ತಿಂಗಳು ಮುರಿದಹುಟ್ಟು ಸರೋವರ ಎಂಬ ಊರಿನ ಜನ ಹನ್ನೊಂದು ದಿನ ನೀರು ಕುದಿಸಿ ಕುಡಿದರು. ಊರಿನವರು ಈ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಹೇಳಿದ್ದೇ ಇಲ್ಲ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಬಡಗಣ ಕಾಡಿನ ಆ ಮೂಲನಿವಾಸಿಗಳ ಊರಿಗೆ ವಿಮಾನ ಬಂದರೆ ಉಂಟು, ಇಲ್ಲವಾದರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲಿನ ದಾರಿ. ಸರೋವರದ ನೀರನ್ನು ಸೋಸಿ ಊರಿನ ನಲ್ಲಿಗಳಿಗೆ ಬಿಡುವ, ದಡದಲ್ಲಿದ್ದ ನೀರುಮನೆಯನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವನು ಜೆಮಿಮಾಳ ಸೋದರಮಾವ ಎಲೈಜರ್. ಆ ಕಟ್ಟಡ ಕಟ್ಟಿದ ಮೇಸ್ತ್ರಿಯ ಹಿಂದೆ ಎರಡು ಬೇಸಿಗೆ ಸುತ್ತಿ ಅವನು ಕೆಲಸ ಕಲಿತಿದ್ದ. ಒಂದು ಬೆಳಗ್ಗೆ ಪಾರ್ಶ್ವವಾಯು ಹೊಡೆದು ಅವನ ಬಲಗೈಯೂ ನಾಲಿಗೆಯೂ ಬಿದ್ದುಹೋದವು. ಇಪ್ಪತ್ತೆರಡು ವರ್ಷದ ವಿದ್ಯೆ ಅವನ ಬಾಯೊಳಗೇ ಉಳಿಯಿತು. ಶಾಲೆಯ ನೆಲ ಒರೆಸುತ್ತಿದ್ದ ಜೆಮಿಮಾಳನ್ನು ಊರಿನ ಮಂಡಳಿ ಕರೆದು ಆ ಕೆಲಸಕ್ಕೆ ಹಾಕಿತು.

ಪಾಠವೆಲ್ಲ ಆನ್‌ಲೈನ್. ಮಂಡಳಿ ಕಚೇರಿಯ ಹಿಂದಿನ ಕೋಣೆಯಲ್ಲಿ ಮಾತ್ರ ಇಂಟರ್ನೆಟ್ ನೆಟ್ಟಗೆ ಬರುತ್ತಿದ್ದುದರಿಂದ ಅವಳು ನಾಲ್ಕು ತಿಂಗಳು ಅಲ್ಲೇ ಕೂತಳು. ಪರದೆಯ ಮೇಲೆ ಕಣ್ಣು ಬಾಯಿ ಇದ್ದ ಒಂದು ನೀರಹನಿ ಕುಣಿಯುತ್ತ ಬಂದು ಕ್ಲೋರಿನ್ ಎಂದರೇನು, ಸೋಸುವುದು ಹೇಗೆ ಎಂದು ಹೇಳಿಕೊಡುತ್ತಿತ್ತು. ಹಿಮ ಬಿದ್ದ ದಿನ ಆ ಹನಿ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು. ಜೆಮಿಮಾ ಬಿಡಲಿಲ್ಲ. ಎಲ್ಲವನ್ನೂ ಬರೆದುಕೊಂಡು ಬಾಯಿಪಾಠ ಮಾಡಿದಳು. ಸರ್ಟಿಫಿಕೇಟು ಬಂತು. ಮಂಡಳಿಯ ಮುಖ್ಯಸ್ಥ ಜೋಸಾಯ ಮೀಕಿಸ್ ಅದಕ್ಕೆ ಚೌಕಟ್ಟು ಹಾಕಿಸಿ ನೀರುಮನೆಯ ಗೋಡೆಗೆ ಹೊಡೆಸಿದ.

ಮೂರು ವಾರಕ್ಕೆ ಕ್ಲೋರಿನ್ ಪಂಪು ನಿಂತಿತು. ದಕ್ಷಿಣದ ಸಹಾಯವಾಣಿಗೆ ಫೋನು ಮಾಡಿದರೆ, "ಹೊರಗಡೆ ಹೋಗೋ ಕಡೆಯ ವಾಲ್ವ್ ಮುಚ್ಚಿ" ಎಂದಿತು ಆ ಕಡೆಯ ಧ್ವನಿ. ಪಾಠದ ಪರದೆಯ ಮೇಲೆ ಇದ್ದದ್ದು ಒಂದೇ ವಾಲ್ವ್, ಹಸಿರು ಬಣ್ಣದ್ದು. ಇಲ್ಲಿದ್ದವು ಮೂರು, ಮೂರೂ ತುಕ್ಕು ಹಿಡಿದವು. ಅವಳು ಮುಚ್ಚಿದ್ದು ತಪ್ಪು ವಾಲ್ವ್. ಕೊಳವೆ ಬಿಚ್ಚಿದ ಕೂಡಲೇ ಕ್ಲೋರಿನ್ ದ್ರವ ಚಿಮ್ಮಿ ಮಣಿಕಟ್ಟಿನ ಚರ್ಮ ಸುಟ್ಟಿತು. ರಿಪೇರಿಯವನ ವಿಮಾನ ಮಂಜಿನಲ್ಲಿ ಸಿಕ್ಕಿಕೊಂಡು ಹನ್ನೊಂದನೇ ದಿನಕ್ಕೆ ಬಂತು.

"ಏನಮ್ಮಾ ತೊಂಬತ್ತನಾಲ್ಕು, ಆ ಹನಿ ಬಂದು ಪಂಪು ರಿಪೇರಿ ಮಾಡ್ಲಿಲ್ವಾ?" ಎಂದು ಅಂಗಡಿಯಲ್ಲಿ ಕೇಳಿದರು. ಆ ಹೆಸರು ಅಂಟಿಕೊಂಡಿತು. ಮಕ್ಕಳೂ ಅವಳನ್ನು ತೊಂಬತ್ತನಾಲ್ಕು ಎಂದೇ ಕರೆದರು.

ಅವಳಿಗೆ ಹಾಗೆ ಕರೆದವರ ಮೇಲಿದ್ದದ್ದಕ್ಕಿಂತ ಹೆಚ್ಚಿನ ಸಿಟ್ಟು ಗೋಡೆಯ ಚೌಕಟ್ಟಿನ ಮೇಲಿತ್ತು. ಅದನ್ನು ಕಿತ್ತು ಡ್ರಮ್ಮಿನ ಹಿಂದೆ ಎಸೆದು, ದಕ್ಷಿಣದ ಪಟ್ಟಣದಲ್ಲಿ ಕೈಯಿಂದ ಕೆಲಸ ಕಲಿಸುವ ಆರು ವಾರದ ತರಬೇತಿಗೆ ಅರ್ಜಿ ಹಾಕಿದಳು. ಮಂಡಳಿ ಮೂಗು ಮುರಿಯಿತು, ಆದರೂ ಸಹಿ ಹಾಕಿತು. ಒಪ್ಪದವಳು ತಾಯಿ ಮರಾಯಾ.

ಮರಾಯಾಳನ್ನು ಏಳನೇ ವಯಸ್ಸಿನಲ್ಲಿ, ಒಂದು ಸೆಪ್ಟೆಂಬರಿನಲ್ಲಿ, ನೀರಿನ ಮೇಲೆ ಇಳಿದ ವಿಮಾನಕ್ಕೆ ಹತ್ತಿಸಿ ಸರ್ಕಾರದವರು ದೂರದ ವಸತಿಶಾಲೆಗೆ ಒಯ್ದಿದ್ದರು. ತಮ್ಮ ಎಲೈಜರನನ್ನು ಅಜ್ಜ ಕಾಡಿನಲ್ಲಿ ಬಚ್ಚಿಟ್ಟದ್ದರಿಂದ ಅವನು ಉಳಿದ. ಅವಳು ಆರು ವರ್ಷದ ಮೇಲೆ ತಿರುಗಿ ಬಂದಾಗ ತಾಯಿಯ ಮಾತು ಅರ್ಥವಾಗುತ್ತಿರಲಿಲ್ಲ. ತನ್ನ ಭಾಷೆ ಆಡಿದ್ದಕ್ಕೆ ಅಲ್ಲಿ ಬಾಯಿಗೆ ಸೋಪು ತುರುಕಿದ್ದರು.

"ಪಾಠ ಕಲಿಸ್ತೀವಿ ಅಂತಾನೇ ನನ್ನನ್ನೂ ಹತ್ತಿಸಿದ್ದು," ಎಂದಳು ಮರಾಯಾ. ಬ್ಯಾನಕ್ ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ.

"ಅಮ್ಮಾ, ನಂಗೆ ಮೂವತ್ನಾಲ್ಕು. ನಾನಾಗೇ ಹೋಗ್ತಿದೀನಿ."

"ನಿನ್ನ ವಯಸ್ಸು ಕೇಳಿದ್ನಾ? ಅದೇನೋ ಕಂಪ್ಯೂಟರ್‌ನಲ್ಲೇ ಆಯ್ತಲ್ಲ ಪಾಠ. ಮನೇಲೇ ಕೂತು ಇನ್ನೊಂದ್ಸಲ ಮಾಡು."

ಜೆಮಿಮಾ ಪಟ್ಟಿ ಕಟ್ಟಿದ ಮಣಿಕಟ್ಟನ್ನು ಹಿಟ್ಟಿನ ಪಾತ್ರೆಯ ಮೇಲೆ ಹಿಡಿದಳು. "ಅದ್ರಿಂದ ಆದದ್ದು ಇದು."

"ನಿನಗೆ ಸುಟ್ಟಿದ್ದು ಬರೀ ಕೈ," ಎಂದಳು ಮರಾಯಾ. "ಹೋಗು. ಹೋದ್ರೆ ಈ ಬಾಗಿಲು ತಟ್ಬೇಡ."

ಅವಳು ಹೋದಳು.

ಪಟ್ಟಣ ಅವಳಿಗೆ ಮೊದಲ ದಿನವೇ ಬೆನ್ನು ತಿರುಗಿಸಿತು. ಅಂಗಡಿಗೆ ಹೋದರೆ ಕೆಲಸದವನೊಬ್ಬ ಸಾಲಿನಿಂದ ಸಾಲಿಗೆ ಹಿಂದೆಯೇ ಬರುತ್ತಿದ್ದ. ಬಾಡಿಗೆ ಕೋಣೆಯ ಒಡತಿ ದಿನಾ ಸಂಜೆ ಬಂದು ಟವೆಲ್ಲುಗಳನ್ನು ಎಣಿಸುತ್ತಿದ್ದಳು. ತರಬೇತುಗಾರ ಡೈಕ್‌ಸ್ಟ್ರಾ ಎಂಬ ಅರವತ್ತರ ಗಡುಸು ಮನುಷ್ಯ, ಮೂವತ್ತು ವರ್ಷ ನೀರಿನ ಸ್ಥಾವರಗಳಲ್ಲೇ ಸವೆದವನು. ಎಂಟು ಮಂದಿಯ ತಂಡದಲ್ಲಿ ಅವಳೊಬ್ಬಳೇ ಹೆಂಗಸು, ಮೂಲನಿವಾಸಿಗಳ ಮೀಸಲು ಹಳ್ಳಿಯಿಂದ ಬಂದವಳೂ ಅವಳೊಬ್ಬಳೇ.

"ನಿಮ್ಮ ಕಡೆಯವರು ಎರಡು ವಾರ ನಿಲ್ತಾರೆ," ಎಂದ ಡೈಕ್‌ಸ್ಟ್ರಾ, ಹೆಸರು ಬರೆದುಕೊಳ್ಳುತ್ತ. "ಮೂರನೇ ವಾರ ವಿಮಾನ ಹತ್ತುತ್ತಾರೆ."

"ನಮ್ಮ ಕಡೆಯವರನ್ನ ನಿಮ್ಮ ಕಡೆಯವರು ಏಳು ವರ್ಷಕ್ಕೇ ಕರ್ಕೊಂಡು ಬರ್ತಿದ್ರು," ಎಂದಳು ಜೆಮಿಮಾ. "ಆಗ್ಲೂ ಓಡಿಹೋಗ್ತಿದ್ರು. ದಾರೀಲಿ ಹಿಮದಲ್ಲಿ ಸತ್ತವರೂ ಇದ್ದಾರೆ. ಅದನ್ನೂ ಬರ್ಕೊಳ್ಳಿ."

ಡೈಕ್‌ಸ್ಟ್ರಾ ಕ್ಷಮೆ ಕೇಳಲಿಲ್ಲ. ಸ್ಪ್ಯಾನರನ್ನು ಅವಳ ಮುಂದೆ ತಳ್ಳಿ, "ಪಂಪು ಬಿಚ್ಚು" ಎಂದ.

ಬಿಚ್ಚಿದಳು, ಜೋಡಿಸಿದಳು. ಮತ್ತೆ ಬಿಚ್ಚು ಎಂದ. ಮರುದಿನವೂ ಅದೇ. ಎರಡನೇ ವಾರ ಅವನು ಎಲ್ಲ ಮೀಟರುಗಳ ಗಾಜಿಗೂ ಕಪ್ಪು ಟೇಪು ಅಂಟಿಸಿದ. "ಮುಳ್ಳು ನೋಡಿ ಹೇಳೋದಾದ್ರೆ ನೀವ್ಯಾಕೆ ಬೇಕು? ಕಿವಿಗೊಟ್ಟು ಹೇಳಿ ಏನಾಗಿದೆ." ದ್ರವ ತಳ್ಳುವಾಗ ಪಂಪಿನ ಬಡಿತ ದಪ್ಪಗಿರುತ್ತದೆ, ಒಳಗೆ ಗಾಳಿ ಸೇರಿದರೆ ಅದೇ ಬಡಿತ ಹಗುರಾಗಿ, ಒಣ ಕಡ್ಡಿ ಮುರಿದಂತೆ ಕೇಳುತ್ತದೆ. ಈ ವ್ಯತ್ಯಾಸ ಹಿಡಿಯಲು ಅವಳಿಗೆ ಒಂಬತ್ತು ದಿನ ಬೇಕಾಯಿತು. ತಪ್ಪಿದಾಗಲೆಲ್ಲ ಡೈಕ್‌ಸ್ಟ್ರಾ, "ಊರಿನ ಮಕ್ಕಳಿಗೆಲ್ಲ ಭೇದಿ ಹತ್ತಿತು. ಮತ್ತೆ ಹೇಳು," ಎನ್ನುತ್ತಿದ್ದ. ಅವನ ಕುತ್ತಿಗೆ ಹಿಸುಕಬೇಕು ಎನಿಸುತ್ತಿತ್ತು. ಆದರೆ ತಪ್ಪಿದ ಗಳಿಗೆಯಲ್ಲೇ ಅವನು ಅವಳ ಬೆರಳು ಹಿಡಿದು ಸರಿಯಾದ ತಿರುಪಿನ ಮೇಲೆ ಇಡುತ್ತಿದ್ದ. ಪರದೆಯ ಹನಿ ಹಾಗೆ ಮಾಡಿರಲಿಲ್ಲ. ಅವನನ್ನು ದ್ವೇಷಿಸುತ್ತಲೇ ಅವಳು ಕಲಿತಳು.

ಆರನೇ ವಾರ ಊರಿನಿಂದ ಫೋನು ಬಂತು. ಎಲೈಜರ್ ತೀರಿಕೊಂಡಿದ್ದ. ಮಣ್ಣು ಗುರುವಾರ, ಅವಳ ಕೊನೆಯ ಪರೀಕ್ಷೆಯೂ ಗುರುವಾರವೇ.

"ಹೋಗೋದಾದ್ರೆ ಹೋಗು," ಎಂದ ಡೈಕ್‌ಸ್ಟ್ರಾ. "ಜಾಗ ಹಿಡಿದಿಟ್ಕೊಳ್ಳೋಕಾಗಲ್ಲ. ಮುಂದಿನ ತಂಡ ಬರೋ ವರ್ಷ."

ಬರುವ ವರ್ಷದವರೆಗೆ ನೀರುಮನೆಯಲ್ಲಿ ಯಾರಿರುತ್ತಾರೆ? ಅವಳು ಬುಧವಾರವೆಲ್ಲ ಬಾಡಿಗೆ ಕೋಣೆಯ ಮಂಚದ ಮೇಲೆ ಬೂಟು ಹಾಕಿಕೊಂಡೇ ಕೂತಿದ್ದಳು. ಗುರುವಾರ ಹೋಗಿ ಪರೀಕ್ಷೆಗೆ ನಿಂತಳು. ಟೇಪು ಅಂಟಿಸಿದ ಮೀಟರುಗಳ ನಡುವೆ, ಕಣ್ಣಿನಿಂದ ನೀರು ಇಳಿಯುತ್ತಿದ್ದಾಗಲೇ, ನಾಲ್ಕು ನಿಮಿಷದಲ್ಲಿ ದೋಷ ಹಿಡಿದು ಪಂಪು ಸರಿಮಾಡಿದಳು. ಡೈಕ್‌ಸ್ಟ್ರಾ ಹೊತ್ತು ಬರೆದುಕೊಂಡ.

ಊರಿಗೆ ತಿರುಗಿ ಬಂದಾಗ ತಾಯಿಯ ಬಾಗಿಲಿಗೆ ಒಳಗಿನಿಂದ ಚಿಲಕ. ಕಿಟಕಿಯ ಪರದೆ ಅಲುಗಿತು, ಅಷ್ಟೇ. ಅವಳ ಬಟ್ಟೆಬರೆ ಎರಡು ಕಸದ ಚೀಲಗಳಲ್ಲಿ ಮೆಟ್ಟಿಲ ಮೇಲಿದ್ದವು. ನೀರುಮನೆಯ ಹಿಂದಿದ್ದ ಖಾಲಿ ಟ್ರೇಲರು ಮನೆಯಲ್ಲಿ ಜೆಮಿಮಾ ಬಿಡಾರ ಹೂಡಿದಳು. ಇಗರ್ಜಿಯಲ್ಲಿ ಅವಳು ಒಳಗೆ ಬಂದರೆ ಮರಾಯಾ ಎದ್ದು ಆಚೆ ಸಾಲಿಗೆ ಹೋಗುತ್ತಿದ್ದಳು. "ಮಾವನ ಮಣ್ಣಿಗೂ ಬರದವಳು" ಎಂದು ಹೆಂಗಸರು ಅವಳ ಕಿವಿಗೆ ಬೀಳುವಷ್ಟೇ ಮೆಲ್ಲಗೆ ಆಡಿಕೊಂಡರು.

ಅತ್ತ ಮಂಡಳಿ ಅಷ್ಟರಲ್ಲಿ ಹೊಸದೊಂದು ಏರ್ಪಾಟು ಮಾಡಿತ್ತು. ದಕ್ಷಿಣದ ಒಂದು ಕಂಪನಿ ಹಗಲು ರಾತ್ರಿ ಕಂಪ್ಯೂಟರಿನಲ್ಲೇ ನೀರುಮನೆಯನ್ನು ಕಾಯುವುದಂತೆ. ಗೋಡೆಯ ಮೇಲೆ ಒಂದು ಪರದೆ ಕೂತಿತು. ಎಲ್ಲ ಸರಿಯಿದ್ದರೆ ಹಸಿರು.

ಮೇ ತಿಂಗಳಲ್ಲಿ ಸರೋವರದ ಮಂಜುಗಡ್ಡೆ ಒಡೆದು ನೀರು ಚಹಾದ ಬಣ್ಣಕ್ಕೆ ತಿರುಗಿತು. ಆ ಶನಿವಾರ ಜೋಸಾಯನ ಮಗನ ಮದುವೆ. ಮೂರು ವಿಮಾನ ತುಂಬ ನೆಂಟರು ಇಳಿದಿದ್ದರು. ಸಮುದಾಯ ಭವನದಲ್ಲಿ ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸವೂ ಹೆಬ್ಬಾತುಗಳೂ ಬೇಯುತ್ತಿದ್ದವು. ಬೆಳಗ್ಗೆ ಹತ್ತಕ್ಕೆ ಜೆಮಿಮಾ ನೀರುಮನೆಯ ಬಾಗಿಲು ತೆರೆದು ಅಲ್ಲೇ ನಿಂತಳು. ಪರದೆ ಹಸಿರಾಗಿತ್ತು. ಬಡಿತ ಒಣಗಿತ್ತು.

ನೀರು ಹಿಡಿದು ಪರೀಕ್ಷೆಯ ಪುಡಿ ಹಾಕಿದಳು. ಕ್ಲೋರಿನ್ ಇದ್ದರೆ ಗುಲಾಬಿ ಆಗಬೇಕು. ಆಗಲಿಲ್ಲ. ಇನ್ನೊಂದು ನಲ್ಲಿಯಿಂದ ಹಿಡಿದಳು. ಅದಕ್ಕೂ ಬಣ್ಣ ಬರಲಿಲ್ಲ. ಕಂಪನಿಗೆ ಫೋನು ಮಾಡಿದಳು.

"ಇಲ್ಲಿ ಎಲ್ಲ ನಾರ್ಮಲ್ ಕಾಣಿಸ್ತಿದೆ ಮೇಡಂ."

"ಅಲ್ಲಿ ಕಾಣಿಸ್ತಿದೆ. ನೀರು ಇಲ್ಲಿದೆ. ಅಳೆಯೋ ಕೊಳವೇಲಿ ಕೆಸರು ಕಟ್ಟಿದೆ, ನಿಮ್ಮ ಹಸಿರು ನಿನ್ನೇದು."

"ನಮ್ಮ ದಾಖಲೆ ಪ್ರಕಾರ—"

ಅವಳು ಫೋನಿಟ್ಟಳು. ಊರಿಗೆ ಹೋಗುವ ದೊಡ್ಡ ವಾಲ್ವ್ ಮುಚ್ಚಿದಳು, ಊರಿನ ರೇಡಿಯೋ ಕೋಣೆಗೆ ಓಡಿ, ನಲ್ಲಿ ನೀರು ಯಾರೂ ಕುಡಿಯಬೇಡಿ ಎಂದು ತಮ್ಮ ಭಾಷೆಯಲ್ಲಿ ಎರಡು ಸಲ ಹೇಳಿದಳು. ಭವನಕ್ಕೆ ಬರುವಷ್ಟರಲ್ಲಿ ಜೋಸಾಯ ಹೊಸ ಕೋಟು ತೊಟ್ಟು ಬಾಗಿಲಿಗೆ ಅಡ್ಡ ನಿಂತಿದ್ದ.

"ನಿನ್ನ ಮಾವನ ಮಣ್ಣು ತಪ್ಪಿದ ಸಿಟ್ಟು, ನಿಮ್ಮಮ್ಮನ ಮೇಲಿನ ಸಿಟ್ಟು, ನನ್ನ ಮಗನ ಮದುವೇಲಿ ತೀರಿಸ್ಕೋಬೇಡ. ಕಂಪನಿಯವನ ಹತ್ರ ಈಗಷ್ಟೇ ಮಾತಾಡ್ದೆ. ಹಸಿರಿದೆಯಂತೆ."

"ಜೋಸಾಯ, ದಾರಿ ಬಿಡು."

"ಚಹಾ ಹೇಗೂ ಕುದಿಯತ್ತೆ."

"ಶರಬತ್ತು ಕುದಿಸ್ತೀಯಾ?"

ಪುಡಿ ಕಲಸಿದ ಕೆಂಪು ಶರಬತ್ತಿನ ಮೂರು ಡ್ರಮ್ಮುಗಳು ಗೋಡೆಯ ಪಕ್ಕದಲ್ಲಿದ್ದವು, ಸುತ್ತ ಮಕ್ಕಳು ಲೋಟ ಹಿಡಿದು ನಿಂತಿದ್ದರು. ಜೆಮಿಮಾ ಅವನ ತೋಳಿನಡಿಯಿಂದ ನುಗ್ಗಿ ಒಂದೊಂದನ್ನೇ ಎಳೆದು ಹಿಂಬಾಗಿಲಿನಿಂದ ಕೆಸರಿಗೆ ಉರುಳಿಸಿದಳು. ಮದುಮಗಳ ಬಿಳಿ ಬೂಟಿಗೆ ಕೆಂಪು ಸಿಡಿಯಿತು. ಒಂದು ಮಗು ಅತ್ತಿತು. "ತಲೆ ಕೆಟ್ಟಿದೆ ಇವಳಿಗೆ" ಎಂದು ಹಿರಿಯರೊಬ್ಬರು ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಯಾರೂ ಅವರನ್ನು ಸುಮ್ಮನಿರಿಸಲಿಲ್ಲ.

ಪಂಪು ಸರಿಮಾಡಲು ಅವಳಿಗೆ ಅರ್ಧ ಗಂಟೆ ಸಾಕಾಯಿತು. ಊರಿನ ಕೊಳವೆಗಳನ್ನೆಲ್ಲ ತೊಳೆಯಲು ಸಂಜೆಯಾಯಿತು. ನೆಂಟರು ಕೈ ತೊಳೆಯದೆ ಉಂಡು ಗೊಣಗುತ್ತ ಹೊರಟರು.

ವಿಮಾನದಲ್ಲಿ ಕಳಿಸಿದ ನೀರಿನ ಮಾದರಿಯ ವರದಿ ಬುಧವಾರ ಬಂತು. ಮಲದ ಕ್ರಿಮಿ ಇತ್ತು. ಜೋಸಾಯ ಕಾಗದವನ್ನು ಎರಡು ಸಲ ಓದಿ, ಮಡಿಸಿ ಜೇಬಿಗೆ ಹಾಕಿಕೊಂಡ.

"ಮದುವೆ ದಿನಾನೇ ಆಗ್ಬೇಕಿತ್ತಾ ಇದು," ಎಂದ.

ಬೇಸಿಗೆಯಲ್ಲಿ ನೀರುಮನೆಗೆ ಇನ್ನಿಬ್ಬರನ್ನು ತಯಾರು ಮಾಡಬೇಕು ಎಂಬ ಮಾತು ಸಭೆಗೆ ಬಂತು. ಆರಿಸಿದ್ದು ಟಬಿತಾ ಎಂಬ ವಿಧವೆಯನ್ನು, ಫ್ರೀಮನ್ ಎಂಬ ಮೀನುಗಾರನನ್ನು. ಗುಮಾಸ್ತ ಆನ್‌ಲೈನ್ ಪಾಠದ ಅರ್ಜಿಗಳನ್ನು ಹಂಚತೊಡಗಿದ.

ಜೆಮಿಮಾ ತನ್ನ ಮುಂದೆ ಬಂದದ್ದನ್ನು ಹರಿದಳು. "ನಾನು ತೊಂಬತ್ತನಾಲ್ಕು ತಗೊಂಡಿದ್ದೆ. ಇವರು ನೂರು ತಗೊಂಡ್ರೆ ನೀರು ಕುದಿಸೋ ದಿನ ಇನ್ನೂ ಜಾಸ್ತಿ."

"ಹಾಗಾದ್ರೆ ದಕ್ಷಿಣಕ್ಕೆ ಕಳಿಸೋಣ," ಎಂದ ಜೋಸಾಯ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಮರಾಯಾಳೂ ಇದ್ದಳು.

"ಅದೂ ಬೇಡ," ಎಂದಳು ಜೆಮಿಮಾ. "ನಾನು ಹೋಗಿ ಏನು ಕಳ್ಕೊಂಡೆ ಅಂತ ನಿಮಗೆಲ್ಲ ಗೊತ್ತು. ದಿನಾ ನೆನಪೂ ಮಾಡ್ತೀರಿ. ಕೈ ಹಿಡಿದು ಕಲಿಸೋನು ಬೇಕು, ಅದೂ ನಮ್ಮ ತುಕ್ಕು ವಾಲ್ವಿನ ಮೇಲೆ. ಇಷ್ಟು ವರ್ಷ ನಾವು ವಿಮಾನ ಹತ್ತಿದ್ದು ಸಾಕು. ಅವನು ಹತ್ತಲಿ."

ಬಹಳ ಜಗಳವಾಗಿ, ಮೂರು ಸಭೆ ಕಳೆದು, ಡೈಕ್‌ಸ್ಟ್ರಾಗೆ ಕಾಗದ ಹೋಯಿತು. ಅವನು ಬಂದದ್ದು ಸೆಪ್ಟೆಂಬರಿನಲ್ಲಿ, ಆರು ವಾರಕ್ಕೆ. ಅವನಿಗೆ ಕೊಟ್ಟ ಕೋಣೆಯ ಹೀಟರು ಕೆಮ್ಮುತ್ತಿತ್ತು, ಬಿಸಿ ಕೊಡುತ್ತಿರಲಿಲ್ಲ. ದಾರಿಯಲ್ಲಿ ಯಾರೂ ನಮಸ್ಕಾರ ಹೇಳುತ್ತಿರಲಿಲ್ಲ. ಹೊಗೆ ಕೊಟ್ಟ ಮೀನು ಅವನಿಗೆ ಒಗ್ಗಲಿಲ್ಲ. ಅಂಗಡಿಯ ಡಬ್ಬಿ ಮಾಂಸ ತಿಂದುಕೊಂಡು ಸೊರಗಿದ. ಆದರೂ ದಿನಾ ಎಂಟಕ್ಕೆ ನೀರುಮನೆಯಲ್ಲಿ ನಿಂತು ಟಬಿತಾಳನ್ನೂ ಫ್ರೀಮನ್‌ನನ್ನೂ ಅದೇ ಗಂಟಲಿನಲ್ಲಿ ಬೈದ.

ಮೂರನೇ ವಾರ ಒಂದು ಮಧ್ಯಾಹ್ನ ಮರಾಯಾ ಬಾಗಿಲು ತಳ್ಳಿಕೊಂಡು ಬಂದಳು. ಮಗಳನ್ನು ನೋಡಲಿಲ್ಲ. ನೇರವಾಗಿ ಡೈಕ್‌ಸ್ಟ್ರಾನ ಮುಂದೆ ನಿಂತು, ವಸತಿಶಾಲೆಯಲ್ಲಿ ಕಲಿಸಿದ್ದ ಇಂಗ್ಲಿಷಿನಲ್ಲಿ ಕೇಳಿದಳು.

"ನೀನೇನಾ ಮೇಷ್ಟ್ರು?"

"ಹೌದು."

"ಎಷ್ಟು ದಿನ ಇರ್ತೀಯ?"

"ಇನ್ನು ಮೂರು ವಾರ."

"ಮನೆ ನೆನಪಾಗತ್ತಾ?"

ಡೈಕ್‌ಸ್ಟ್ರಾ ಕೈ ಒರೆಸಿಕೊಂಡ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. "ಆಗತ್ತೆ. ಸಂಜೆ ಹೊತ್ತು ಜಾಸ್ತಿ."

"ಆಗ್ಲಿ," ಎಂದಳು ಮರಾಯಾ.

ಅವಳು ಹೊರಟುಹೋದ ಮೇಲೂ ಅವನು ಚಿಂದಿಬಟ್ಟೆ ಹಿಡಿದು ಬಾಗಿಲ ಕಡೆ ನೋಡುತ್ತಿದ್ದ. ಜೆಮಿಮಾ ಸ್ಪ್ಯಾನರನ್ನು ಅವನ ಮುಂದೆ ತಳ್ಳಿದಳು.

ಫ್ರೀಮನ್ ಕ್ರಿಸ್‌ಮಸ್‌ಗೆ ಮೊದಲೇ ಕೆಲಸ ಬಿಟ್ಟ. ಟಬಿತಾ ನಿಂತಳು, ಈಗ ಬಡಿತ ಕೇಳಿ ದೋಷ ಹೇಳುವುದರಲ್ಲಿ ಅವಳು ಜೆಮಿಮಾಳಿಗಿಂತ ಚುರುಕು. ಆ ಚಳಿಗಾಲ ಮರಾಯಾ ಮಗಳೊಡನೆ ಮತ್ತೆ ಮಾತಾಡತೊಡಗಿದಳು. ಹೆಚ್ಚಿನದೆಲ್ಲ ಬೈಗುಳವೇ. ನಿನ್ನ ನೀರು ನಾರುತ್ತದೆ, ನಿನ್ನ ಟ್ರೇಲರಿನ ಚಿಮಣಿ ಹೊಗೆ ನನ್ನ ಬಟ್ಟೆಗೆ ಬರುತ್ತದೆ, ಸತ್ತ ಮಾವನ ಗೋರಿಯ ಹಿಮ ತೆಗೆಯಲು ನಿನಗೆ ಕೈಯಿಲ್ಲವೇ ಎಂದು ರಸ್ತೆಯ ಆಚೆಯಿಂದ ಕೂಗುತ್ತಿದ್ದಳು. ಜೆಮಿಮಾ ಈಚೆಯಿಂದ ಅಷ್ಟೇ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದಳು.