ಅಣ್ಣನ ಎದೆ, ಅಮ್ಮನ ರವೆ ಉಂಡೆ

ಅಣ್ಣ ಏನು ಹೇಳಿದರೂ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ‘ಹೌದು, ಹೌದು’ ಅನ್ನುವುದು ರೂಢಿಯಾಗಿತ್ತು. ಇಪ್ಪತ್ತರ ಹರೆಯದಲ್ಲೇ ಅವನಿಗೆ ಬುದ್ಧಿಭ್ರಮಣೆಯ ಕಾಯಿಲೆ ಬಂದಿತ್ತು. ಅವನೊಡನೆ ವಾದಕ್ಕಿಳಿಯಬೇಡಿ ಎಂದು ಆಸ್ಪತ್ರೆಯವರು ಎಂದೋ ಹೇಳಿದ್ದನ್ನು ಅಮ್ಮ ವೇದವಾಕ್ಯ ಮಾಡಿಕೊಂಡಿದ್ದಳು. ಅರಮನೆಯಿಂದ ತನಗೆ ಕಾಗದ ಬಂದಿದೆ ಅಂದರೆ ಹೌದು, ಹೌದು. ಬಾವಿಯೊಳಗೆ ಯಾರೋ ತನ್ನ ವಿಚಾರವೇ ಮಾತಾಡುತ್ತಿದ್ದಾರೆ ಅಂದರೂ ಹೌದು, ಹೌದು. ಹಿಂದೆಯೇ ಒಂದು ರವೆ ಉಂಡೆ.

ಐವತ್ತರ ದಶಕದ ಕೊನೆಗೆ ಹೊಸ ಮಾತ್ರೆ ಬಂತು. ಬಾವಿಯವರು ಸುಮ್ಮನಾದರು, ಅಣ್ಣನ ಹೊಟ್ಟೆ ಮಾತಾಡಲು ಶುರುಮಾಡಿತು. ಅಮ್ಮ ಮಾತ್ರೆಯನ್ನು ಉಂಡೆಯೊಳಗೆ ಅಡಗಿಸಿ ಕೊಡುತ್ತಿದ್ದಳು. ನುಂಗಿದ್ದಕ್ಕೆ ಬಹುಮಾನವಾಗಿ ನಾನು ಬೀಡಿ ಕೊಡುತ್ತಿದ್ದೆ. ಪ್ರೈಮರಿ ಶಾಲೆಯ ಟೀಚರಲ್ಲವೇ ನಾನು, ಬಹುಮಾನ ಕೊಟ್ಟು ಕೆಲಸ ತೆಗೆಯುವುದು ಕರಗತವಾಗಿತ್ತು. ಎರಡೇ ವರ್ಷದಲ್ಲಿ ಅವನ ಅಂಗಿಗಳೆಲ್ಲ ಅಡುಗೆಮನೆಯ ಮಸಿಬಟ್ಟೆಗಳಾದವು. ಮಗ ಮೈಕೈ ತುಂಬಿಕೊಂಡನೆಂದು ಅಮ್ಮ ದೃಷ್ಟಿ ತೆಗೆದಳು.

ಒಮ್ಮೆ ನನ್ನ ಕೆಮ್ಮಿಗೆ ಔಷಧಿ ತರಲು ಅವನನ್ನೂ ಕರೆದುಕೊಂಡು ಮಂಡಿ ಮೊಹಲ್ಲಾಕ್ಕೆ ಹೋದೆ. ಡಾಕ್ಟರ ಶಾಪು ಮೆಣಸಿನಕಾಯಿ ಮಂಡಿಯ ಮಹಡಿಯ ಮೇಲಿತ್ತು. ಅರ್ಧ ಮೆಟ್ಟಿಲು ಹತ್ತಿ ಅಣ್ಣ ಕೂತುಬಿಟ್ಟ.

“ಎದೆ ಹಿಡ್ಕೊಂಡಂಗಾಯ್ತದೆ ಕಣಮ್ಮ.”

“ಹೌದು, ಹೌದು. ಹತ್ತಣ್ಣ,” ಅಂದೆ ಕೆಮ್ಮುತ್ತಲೇ.

ಮೇಲೆ ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಸಿಡುಕಿದರು. “ಏನ್ ಹೌದು ಹೌದು ಅಂತೀರಮ್ಮ? ಯಾವತ್ತಿಂದ ಅಂತ ಕೇಳಿದ್ದೀರಾ?”

ಕೇಳಿರಲಿಲ್ಲ. ಅವರು ಇಳಿದು ಬಂದು ಅಣ್ಣನ ಪಕ್ಕ ಮೆಟ್ಟಿಲ ಮೇಲೇ ಕೂತರು. “ಎಲ್ಲಿ ಹಿಡಿಯುತ್ತೆ? ಯಾವತ್ತಿಂದ? ಕೂತ್ರೆ ಬಿಡುತ್ತಾ?” ಅಣ್ಣ ಒಂದೊಂದಕ್ಕೂ ನೆಟ್ಟಗೆ ಉತ್ತರ ಕೊಟ್ಟ. ದೀಪಾವಳಿಯಿಂದ ಹೀಗೇ ಆಗುತ್ತಿತ್ತಂತೆ. ಮನೆಯಲ್ಲಿ ಹೇಳಿದಾಗಲೆಲ್ಲ ಉಂಡೆ ಸಿಗುತ್ತಿತ್ತಂತೆ.

ಎದೆ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. “ಬರೀ ತಲೆ ನೋಡ್ಕೊಂಡ್ರೆ ಆಯ್ತಾ? ಎದೇನೂ ಅವರದೇ ಕಣ್ರೀ. ಮಾತ್ರೆ ನಿಲ್ಲಿಸ್ಬೇಡಿ. ಬೀಡಿ ಬಿಡಿಸಿ, ಸಿಹಿ ಬಿಡಿಸಿ, ದಿನಾ ನಿಧಾನಕ್ಕೆ ನಡೆಸಿ. ಹಿಂಗೇ ಬಿಟ್ರೆ ಮನುಷ್ಯ ಉಳಿಯಲ್ಲ.”

ನಮ್ಮಪ್ಪ ಎದೆನೋವೆಂದು ಮಲಗಿದವರು ಎದ್ದಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅಣ್ಣನನ್ನು ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸಿ ಕೂರಿಸಿದೆ.

ಉಂಡೆಯಿಲ್ಲದೆ ಮಾತ್ರೆ ನುಂಗುತ್ತಾನೆಯೇ ಎಂದು ಅಮ್ಮ ಕಂಗಾಲಾದಳು. ಅಣ್ಣ ಕೈ ಚಾಚಿ ಮಾತ್ರೆ ಇಸಿದುಕೊಂಡು ನೀರು ಕುಡಿದು ನುಂಗಿದ. “ಮೊದ್ಲೇ ಕೇಳಿದ್ರೆ ಹಿಂಗೇ ನುಂಗ್ತಿದ್ದೆ. ಉಂಡೆ ಚೆನ್ನಾಗಿತ್ತು ಅಂತ ಸುಮ್ಕಿದ್ದೆ,” ಅಂದ. ಬೀಡಿಯ ವಿಷಯದಲ್ಲಿ ಮಾತ್ರ ಒಂದು ತಿಂಗಳು ಮನೆ ರಣರಂಗವಾಯಿತು.

ದಿನಾ ಸಂಜೆ ಇಬ್ಬರೂ ಯಾದವಗಿರಿಯ ಕಡೆ ನಡೆಯತೊಡಗಿದೆವು. ಅಣ್ಣನ ಮೈ ಇಳಿಯುತ್ತ ಬಂತು. ಅವನು ಬಿಟ್ಟ ಉಂಡೆಗಳು ಎಲ್ಲಿ ಹೋಗುತ್ತಿದ್ದವೆಂದು ನನ್ನ ರವಿಕೆಯ ಹೊಲಿಗೆಗಳಿಗೆ ಗೊತ್ತಿತ್ತು. ಒಂದು ಸಂಜೆ ಏರಿನಲ್ಲಿ ನಾನೇ ನಿಂತುಬಿಟ್ಟೆ.

“ಅಣ್ಣಾ, ಉಸಿರು ಕಟ್ತಾ ಇದೆ.”

ಅವನು ‘ಹೌದು, ಹೌದು’ ಅನ್ನಬಹುದಿತ್ತು. ಅನ್ನುವ ಹಕ್ಕೂ ಅವನಿಗಿತ್ತು. ನನ್ನ ಕೈಹಿಡಿದು ಯಾರದೋ ಬಂಗಲೆಯ ಮೋಟುಗೋಡೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತ.

“ಎಲ್ಲಿ ಕಟ್ತದೆ? ಯಾವತ್ತಿಂದ? ಕೂತ್ರೆ ಬಿಡ್ತದಾ?”

ನಾನು ಅತ್ತುಬಿಟ್ಟೆ. ಅಣ್ಣ ಉತ್ತರಕ್ಕೆ ಕಾದು ಕೂತ.