ಶಾಂತಾಬಾಯಿ ಮೇಡಂ ತೆಗೆಸಿದ ಕೀಲಿ

ಶಾಂತಾಬಾಯಿ ಮೇಡಂ ಯಾರದೇ ಹೆಸರು ಕೇಳುವ ಮೊದಲು ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಿದ್ದರು. ಕಣ್ಣಿನ ಡಾಕ್ಟರು, ಆಸ್ಪತ್ರೆಯಲ್ಲಿ ಸರಿ, ನನ್ನ ಮದುವೆಯಲ್ಲೂ? ಅಕ್ಷತೆ ಹಾಕಲು ಬಂದವರು ನನ್ನ ಗಂಡನ ಗದ್ದ ಹಿಡಿದು, "ಕಣ್ಣ ಸಣ್ಣ ಮಾಡಿ ನೋಡ್ತೀರಿ, ನಂಬರ್ ಬಂದಿರಬೇಕು. ಸೋಮವಾರ ಬರ್ರಿ" ಎಂದರು. ಪಾಪ, ಅವನು ಬಾಸಿಂಗ ಕಟ್ಟಿಕೊಂಡೇ ಹೂಂ ಅಂದ.

ಸಿದ್ಧೇಶ್ವರ ಗುಡಿಯ ಹತ್ತಿರದ ಹಳೆಯ ಮನೆಯೊಂದರಲ್ಲಿ ಅವರ ಆಸ್ಪತ್ರೆ. ನಾನು ಅಲ್ಲಿ ಕಿರಿಯ ಡಾಕ್ಟರು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಶುರುವಾದರೆ ಸಾಕು, ಟಿಕೋಟಾ, ಬಬಲೇಶ್ವರದ ಬಸ್ಸು ಬಂದಾಗೆಲ್ಲ ನಮ್ಮ ಬಾಗಿಲಲ್ಲಿ ಕೆಂಪು ಕಣ್ಣಿನವರ ಸಾಲು. ಕಣ್ಣಿಗೆ ಬಳ್ಳಿಯ ಕಡ್ಡಿ ಬಡಿದರೆ ನೇರ ಡಾಕ್ಟರ ಬಳಿ ಬರುವ ಮಾತೆಲ್ಲಿ? ಮೊದಲು ಊರಿನ ಹಿರಿಯಳೊಬ್ಬಳು ನಾಲಿಗೆಯ ತುದಿಯಿಂದ ಕಣ್ಣಿನ ಕಸ ತೆಗೆಯಬೇಕು. ಪ್ರೀತಿಯಿಂದಲೇ ತೆಗೆಯುತ್ತಾಳೆ. ಗಾಯಕ್ಕೆ ನಂಜೂ ಸೇರುತ್ತದೆ.

ಟಿಕೋಟಾ ಹತ್ತಿರದ ಹೊನವಾಡದ ಮಲ್ಲಪ್ಪ ಹಾಗೆಯೇ ಬಂದ. ಕರಿಗುಡ್ಡೆಯ ಮೇಲೆ ಬಿಳಿ ಕಲೆ; ನಮ್ಮ ಯಾವ ಔಷಧಿಗೂ ಜಗ್ಗಲಿಲ್ಲ. ದ್ರಾಕ್ಷಿ ತೋಟದ ಇಂಥದೇ ಗಾಯದ ಬಗ್ಗೆ ದೂರದ ದೇಶದ ಡಾಕ್ಟರುಗಳು ಬರೆದ ಲೇಖನ ಕಂಪ್ಯೂಟರಿನಲ್ಲಿ ಸಿಕ್ಕಿತು. ಮೊದಲ ನಾಲ್ಕು ಸಾಲು ಕಾಣಿಸಿ ಕೆಳಗೊಂದು ಕೀಲಿಯ ಚಿತ್ರ: ಚಂದಾದಾರರಿಗೆ ಮಾತ್ರ. ಗೆಳೆಯರ ಕೈಕಾಲು ಹಿಡಿದು ಅದನ್ನು ತರಿಸಿಕೊಳ್ಳುವಷ್ಟರಲ್ಲಿ ಮಲ್ಲಪ್ಪನ ಕಣ್ಣು ಹೋಗಿತ್ತು. ಬೇಕಾದ ಔಷಧಿಯ ಹೆಸರು ಎರಡನೇ ಪುಟದಲ್ಲೇ ಇತ್ತು. ಮೇಡಂ ಅವತ್ತು ಊಟ ಮಾಡಲಿಲ್ಲ.

ಆಮೇಲೆ ನಮ್ಮ ರೋಗಿಗಳ ಬಗ್ಗೆ ತಾವೇ ಬರೆಯಲು ಕೂತರು, ನಾನೂ ಜೊತೆಯಾದೆ. ವಿದೇಶದ ದೊಡ್ಡ ಪತ್ರಿಕೆಗೆ ಕಳಿಸಿದೆವು. ಒಪ್ಪಿಗೆ ಬಂದೇಬಿಟ್ಟಿತು! ನಾನು ಪೇಢೆ ತರಲು ಚಪ್ಪಲಿ ಮೆಟ್ಟಿಯೂ ಆಗಿತ್ತು. ಮೇಡಂ ಷರತ್ತುಗಳನ್ನು ಓದಿ, ಇದಕ್ಕೂ ಕೀಲಿ ಹಾಕುತ್ತಾರೆ ಎಂದರು. ತೆರೆದಿಡಬೇಕೆಂದರೆ ಬರೆದವರೇ ಭಾರಿ ದುಡ್ಡು ಕೊಡಬೇಕಂತೆ. ಲೇಖನ ವಾಪಸ್ ತೆಗೆದುಕೊಳ್ಳುತ್ತೇನೆ ಎಂದಾಗ ನನಗೆ ಮೈಯೆಲ್ಲ ಉರಿಯಿತು. ಅಂಥ ಪತ್ರಿಕೆಯಲ್ಲಿ ನನ್ನ ಹೆಸರು ಮತ್ತೆ ಯಾವಾಗ ಬರಬೇಕು? ಜಗಳಕ್ಕೇ ಇಳಿದೆ.

"ತಂಗಿ, ಹೊನವಾಡದವರ ಕಣ್ಣಿನ ಸುದ್ದಿ ಟಿಕೋಟಾದ ಡಾಕ್ಟರಿಗೇ ಓದಾಕ ಸಿಗಲಿಲ್ಲಂದ್ರ, ನಾವು ಯಾರಿಗಿ ಬರದೇವಿ?"

ನಾನು ಮೆಟ್ಟಿದ ಚಪ್ಪಲಿ ಕಳಚಿಟ್ಟೆ. ಲೇಖನ ನಮ್ಮ ದೇಶದ್ದೇ ಒಂದು ಪತ್ರಿಕೆಗೆ ಹೋಯಿತು. ಅಲ್ಲಿ ಓದುವವರಿಗೆ ಕೀಲಿಯಿಲ್ಲ, ಬರೆಯುವವರಿಗೆ ಶುಲ್ಕವಿಲ್ಲ. ಪ್ರಕಟವಾದ ಬೆಳಿಗ್ಗೆ ಮೇಡಂ ನಮ್ಮ ಕಂಪ್ಯೂಟರನ್ನು ನಂಬಲಿಲ್ಲ. ಹಣೆಯ ಮೇಲಿನ ಟಾರ್ಚು ಉರಿಯುತ್ತಿದ್ದಂತೆಯೇ ಗುಡಿಯ ಮುಂದಿನ ಹೂವಿನ ಅಂಗಡಿಗೆ ಓಡಿ, ಹೂವಿನವನ ಮೊಬೈಲ್ ಕಸಿದುಕೊಂಡರು. ತೆರೆಯಿತು! ಮೊದಲ ಸಾಲಿನಿಂದ ಕೊನೆಯವರೆಗೂ! ಯಾರದೋ ಪರೀಕ್ಷೆಯ ರಿಸಲ್ಟ್ ಬಂತೆಂದು ತಿಳಿದ ಹೂವಿನವನು ಮೇಡಂಗೆ ಒಂದು ಮೊಳ ಮಲ್ಲಿಗೆ ಕೊಟ್ಟ. ನಾನು ನಡುಬೀದಿಯಲ್ಲಿ ಕುಣಿದೆ. ಮುಂದೆ ಚಿಲಿ ದೇಶದ ಡಾಕ್ಟರೊಬ್ಬರು, ನಮ್ಮ ದ್ರಾಕ್ಷಿ ತೋಟಗಳಲ್ಲೂ ಇದೇ ಕಥೆ, ಓದಿ ಉಪಕಾರವಾಯಿತು ಎಂದು ಬರೆದರು. ಆದರೆ ಮೇಡಂ ಕಾಯುತ್ತಿದ್ದದ್ದು ಟಿಕೋಟಾದಿಂದ ಬರುವ ಒಂದು ಸಾಲಿಗೆ.

ವಯಸ್ಸಾಯಿತೆಂದು ಆಸ್ಪತ್ರೆಯನ್ನು ನನಗೊಪ್ಪಿಸಿದ ಮೇಲೆ ಮೇಡಂ ಒಮ್ಮೆ ನನ್ನೊಂದಿಗೆ ಮಲ್ಲಪ್ಪನ ತೋಟಕ್ಕೆ ಬಂದಿದ್ದರು. ನಮ್ಮ ಕಣ್ಣೆದುರೇ ಅವನ ಸೊಸೆಯ ಕಣ್ಣಿಗೆ ಕಡ್ಡಿ ಬಡಿಯಿತು. ನಮ್ಮ ಬಳಿ ಒಂದು ಉಪಕರಣವೂ ಇಲ್ಲ. ಅವಳನ್ನು ಕರೆದುಕೊಂಡು ಟಿಕೋಟಾದ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಎಳೆಯ ಡಾಕ್ಟರಮ್ಮನಿಗೆ ನಾವು ಯಾರೆಂದು ಗೊತ್ತಿಲ್ಲ. ಕಣ್ಣು ನೋಡಿ, ಸರಿಯಾದ ಔಷಧಿಯನ್ನೇ ಹಾಕಿ, ತನ್ನ ಮೊಬೈಲನ್ನು ಮೇಡಂ ಮುಂದೆ ಹಿಡಿದಳು.

"ನೋಡ್ರಿ ಅಜ್ಜಿ, ನಾಲಿಗಿ ಹಚ್ಚಿದ್ರ ಹಿಂಗ ಆಗತೈತಿ. ನಿಮ್ಮ ಊರಾಗ ಎಲ್ಲಾರಿಗೂ ಹೇಳ್ರಿ."

ಪರದೆಯ ಮೇಲೆ ಮಲ್ಲಪ್ಪನ ಕಣ್ಣು. ನಮ್ಮದೇ ಲೇಖನ! ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ನನ್ನ ಕೈ ಹಿಸುಕಿ, ಹೇಳುತ್ತೇನವ್ವ ಎಂದು ತಲೆಯಾಡಿಸಿದರು. ಹೊರಗೆ ಬಂದವರೇ ಕಂಬ ಹಿಡಿದು ನಿಂತು ನಗುತ್ತ ಅತ್ತರು.

"ಓದ್ಯಾಳ ತಂಗಿ, ಆಕಿ ಓದ್ಯಾಳ."

ಮುಂದಿನ ಚಾಟ್ನಿ ಹೊತ್ತಿಗೆ ಮೇಡಂ ಇರಲಿಲ್ಲ. ಟಿಕೋಟಾ ಬಸ್ಸಿನ ವೇಳೆಗೆ ನಾನು ಅಭ್ಯಾಸದಂತೆ ಬಾಗಿಲಿಗೆ ಬಂದು ನಿಂತೆ. ಕೆಂಪು ಕಣ್ಣಿನವರು ಯಾರೂ ಬರಲಿಲ್ಲ.